ಜೇಕಿನ ಬೀಜ ಹಿಡಿಯೋಕೆ ತಗೊಂಡ 10 ಪಟ್ಟಿನ ಲೆನ್ಸ್: ಎರಡು ಮಳೆಗಾಲ ಬಳಸಿದ ಮೇಲೆ

ಕಿಸೆಯಲ್ಲಿ ಇಟ್ಟುಕೊಳ್ಳುವಷ್ಟು ಚಿಕ್ಕ ಮಡಚುವ ಲೆನ್ಸ್. ಒಳಗೆ ಮೂರು ಗಾಜು ಜೋಡಿಸಿದ್ದಾರೆ, ಪಕ್ಕದಲ್ಲಿ ಒಂದು ಪುಟ್ಟ ಎಲ್‌ಇಡಿ ದೀಪ. ನಾನು ತಗೊಂಡಿದ್ದು ಒಂದೇ ಕೆಲಸಕ್ಕೆ. ಗದ್ದೆಯಂಥ ಒದ್ದೆ ಜಾಗದಲ್ಲಿ ತಾನಾಗಿಯೇ ಹುಟ್ಟಿ ಒಂದೇ ವರ್ಷದಲ್ಲಿ ಬಾಳು ಮುಗಿಸುವ ಹುಲ್ಲಿನಂಥ ಒಂದು ಜೇಕು, ಅಂದರೆ ಸೈಪರಸ್ ಐರಿಯಾ, ಅದನ್ನು ಗುರುತಿಸಿ ಬೀಜ ಕೂಡಿಡಬೇಕಿತ್ತು. ಕಳೆ ಬೀಜ ಯಾರಾದರೂ ಕೂಡಿಡುತ್ತಾರಾ ಅಂತ ಮನೆಯಲ್ಲಿ ನಕ್ಕರು. ನಗಲಿ ಬಿಡಿ.

ಮೊದಲೇ ಹೇಳಿಬಿಡುತ್ತೇನೆ, ಅರ್ಧ ಕೆಲಸಕ್ಕೆ ಲೆನ್ಸ್ ಬೇಕಾಗೇ ಇಲ್ಲ. ಕಾಂಡವನ್ನು ಬೆರಳ ನಡುವೆ ಉರುಳಿಸಿ ನೋಡಿ: ಮೂರು ಅಂಚು ತಗುಲಿದರೆ, ಹುಲ್ಲಿಗಿರುವಂಥ ಗಿಣ್ಣು ಇಲ್ಲದಿದ್ದರೆ, ಬಹುಮಟ್ಟಿಗೆ ಅದು ಜೇಕಿನ ಕುಲ. ಆಮೇಲೆ ಬುಡ ಅಗೆಯಿರಿ, ಕೀಳಬೇಡಿ, ಕಿತ್ತರೆ ಗಡ್ಡೆ ಮಣ್ಣಲ್ಲೇ ಉಳಿದು ನಮ್ಮನ್ನು ಮೋಸ ಮಾಡುತ್ತದೆ. ಬರೀ ನಾರು ಬೇರಿನ ಕುಚ್ಚು ಬಂದರೆ ನಮ್ಮ ಗಿಡ ಇರಬಹುದು. ದಾರದಂಥ ಬೇರಿನಲ್ಲಿ ಗಡ್ಡೆಗಳು ಪೋಣಿಸಿದಂತೆ ಬಂದರೆ ಅದು ಕೊನ್ನಾರಿ, ವರ್ಷವರ್ಷವೂ ಕಾಡುವ ಗಿರಾಕಿ, ಅದನ್ನು ಅಲ್ಲೇ ಬಿಡಿ.

ಲೆನ್ಸಿನ ಕೆಲಸ ತೆನೆಯಲ್ಲಿ ಶುರುವಾಗುತ್ತದೆ. ಐರಿಯಾದ ಕಿರುತೆನೆಯಲ್ಲಿ, ಅಂದರೆ ತೆನೆಯ ಒಂದೊಂದು ಪುಟ್ಟ ಎಸಳಿನಲ್ಲಿ, ಬೀಜ ಮುಚ್ಚುವ ಹಳದಿ ಹೊಟ್ಟುಗಳು ಎರಡು ಸಾಲಾಗಿ, ಸ್ವಲ್ಪ ಬಿಡಿಬಿಡಿಯಾಗಿ ಕೂತಿರುತ್ತವೆ, ಹೊಟ್ಟಿನ ತುದಿ ದುಂಡಗೆ. ಅದೇ ಕೆಸರಲ್ಲಿ ಬರುವ ಇನ್ನೊಂದು ವಾರ್ಷಿಕ ಜೇಕು, ಸೈಪರಸ್ ಡಿಫಾರ್ಮಿಸ್, ಅದರ ಕಿರುತೆನೆಗಳು ಒತ್ತೊತ್ತಾಗಿ ಉಂಡೆ ಕಟ್ಟಿರುತ್ತವೆ, ಅದು ಬರಿಗಣ್ಣಿಗೇ ಗೊತ್ತಾಗುತ್ತದೆ. ಬೀಜಕ್ಕೆ ಮಾತ್ರ ಲೆನ್ಸ್ ಬೇಕೇ ಬೇಕು. ಐರಿಯಾದ ಬೀಜ 1ರಿಂದ 1.5 ಮಿಲಿಮೀಟರ್ ಅಷ್ಟೇ, ಮೂರು ಮೂಲೆ, ಬಲಿತಾಗ ಕಡು ಕಂದು.

ಹಿಂದೆ ನನ್ನ ಹತ್ತಿರ 30 ಪಟ್ಟು ಅಂತ ಬರೆದಿದ್ದ ಒಂದು ಅಗ್ಗದ ಲೆನ್ಸ್ ಇತ್ತು. ಅಂಚಿನಲ್ಲೆಲ್ಲ ಕಾಮನಬಿಲ್ಲು, ನಡುವೆ ಮಂಜು. ಅದನ್ನು ನಂಬಿ ಒಂದು ಚೀಲ ತುಂಬ ತೆನೆ ಕೊಯ್ದು ತಂದೆ, ಒಣಗಿಸಿ ಉಜ್ಜಿ ನೋಡಿದರೆ ಮುಕ್ಕಾಲು ಜೊಳ್ಳು. ಹಸಿರು ಹೋಗುವ ಮೊದಲೇ ಕೊಯ್ದಿದ್ದೆ, ಬೀಜ ಬಲಿತೇ ಇರಲಿಲ್ಲ. ಈ ಲೆನ್ಸಿನಲ್ಲಿ ಅಂಚಿನವರೆಗೂ ಚಿತ್ರ ಸ್ಪಷ್ಟ, ಹೊಟ್ಟಿನ ಸಂದಿಯಲ್ಲಿ ಬೀಜದ ಬಣ್ಣ ಕಾಣುತ್ತದೆ. ಕಿರುತೆನೆಯಲ್ಲಿ ಕೆಳಗಿನ ಬೀಜಗಳು ಮೊದಲು ಬಲಿತು ಉದುರುತ್ತವೆ, ಮೇಲಿನವು ಇನ್ನೂ ಹಸಿರು. ಹಾಗಾಗಿ ಈಗ ತೆನೆ ಕೊಯ್ಯೋದೇ ಇಲ್ಲ. ಕಾಗದದ ಚೀಲದೊಳಗೆ ತೆನೆ ಬಗ್ಗಿಸಿ ಮೆಲ್ಲಗೆ ಉಜ್ಜುತ್ತೇನೆ, ಬಲಿತದ್ದು ಮಾತ್ರ ಬೀಳುತ್ತದೆ, ಒಂದು ವಾರ ಬಿಟ್ಟು ಮತ್ತೆ ಅದೇ ಗಿಡಕ್ಕೆ ಹೋಗುತ್ತೇನೆ. ಪ್ಲಾಸ್ಟಿಕ್ ಚೀಲ ಬೇಡ, ಬೆವರಿ ಬೂಷ್ಟು ಹಿಡಿಯುತ್ತದೆ. ಬಿತ್ತುವಾಗಲೂ ಮಣ್ಣೊಳಗೆ ಹೂಳಬೇಡಿ, ಇದಕ್ಕೆ ಬೆಳಕು ಬೇಕು, ಒದ್ದೆ ಮಣ್ಣಿನ ಮೇಲೆ ಉದುರಿಸಿದರೆ ಸಾಕು. ಭತ್ತದ ಗದ್ದೆ ಪಕ್ಕದಲ್ಲಿದ್ದರೆ ಮಾತ್ರ ದಯವಿಟ್ಟು ಬಿತ್ತಬೇಡಿ, ಅಲ್ಲಿ ಇದು ಬೈಗುಳ ತಿನ್ನುವ ಕಳೆ.

ಬಳಸೋ ರೀತಿ ಗೊತ್ತಿಲ್ಲದೆ ಎಷ್ಟೋ ಜನ ಕೆಟ್ಟ ರೇಟಿಂಗ್ ಕೊಟ್ಟಿದ್ದಾರೆ. ಲೆನ್ಸನ್ನು ಕಣ್ಣಿಗೆ ಹತ್ತಿರ ಹಿಡಿದು, ತೆನೆಯನ್ನು ಅದರ ಹತ್ತಿರಕ್ಕೆ ತರಬೇಕು, ಸುಮಾರು ಎರಡೂವರೆ ಸೆಂಟಿಮೀಟರ್‌ವರೆಗೆ. ಕೈ ಚಾಚಿ ನೋಡಿದರೆ ಏನೂ ಕಾಣಲ್ಲ. 20 ಪಟ್ಟಿನದು ತಗೋಬೇಕಾ ಅಂತ ಕೇಳುವವರಿಗೆ: ಬೇಡ. ದೂರ ಇನ್ನೂ ಅರ್ಧಕ್ಕಿಳಿಯುತ್ತದೆ, ಗಾಳಿಗೆ ಅಲ್ಲಾಡುವ ತೆನೆಯನ್ನು ಅದರಲ್ಲಿ ಹಿಡಿದಿಡೋಕೆ ಆಗಲ್ಲ.

ದೀಪ ಸುಮ್ನೆ ದಂಡ. ಬಿಸಿಲಲ್ಲಿ ಬೇಡ, ಮೋಡದ ದಿನ ಹಚ್ಚಿದರೆ ಹೊಟ್ಟು ಫಳಫಳ ಹೊಳೆದು ಬಣ್ಣವೇ ತಿಳಿಯಲ್ಲ. ಮಡಚುವ ಜಾಗದ ಸ್ಕ್ರೂ ಎರಡನೇ ಮಳೆಗಾಲಕ್ಕೇ ಸಡಿಲವಾಯಿತು, ಈಗ ಕನ್ನಡಕದ ಸ್ಕ್ರೂಡ್ರೈವರ್ ಕೂಡ ಬೀಜದ ಚೀಲದಲ್ಲೇ ಇರುತ್ತದೆ. ಐದಕ್ಕೆ ನಾಲ್ಕು ಸ್ಟಾರ್. ಕಡಿಮೆಯಾದ ಒಂದು ಆ ಸ್ಕ್ರೂಗೆ.