ಮಗುವಿಗೆ ಸ್ಕೌಟ್ ದಳವೋ, ಭಾನುವಾರದ ಚಾರಣವೋ?

ಚಿಕ್ಕಮಗಳೂರಿನ ಅಪ್ಪ-ಅಮ್ಮಂದಿರಿಗೆ ಚಾರಣ ಸುಲಭ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ಹತ್ತಿ ಬಂದರೆ ಕಾಲಿಗೆ ಬಲ, ಮನಸ್ಸಿಗೆ ಖುಷಿ. ಆದರೆ ದಾರಿ, ನೀರು, ಊಟ ಎಲ್ಲವನ್ನೂ ದೊಡ್ಡವರೇ ನೋಡಿಕೊಳ್ಳುತ್ತಾರೆ, ಅಲ್ವಾ?

ಸ್ಕೌಟ್‌ನಲ್ಲಿ ಹಾಗಲ್ಲ. 6ರಿಂದ 8 ಮಕ್ಕಳ ಪುಟ್ಟ ಗುಂಪು, ಅವರಲ್ಲೇ ಒಬ್ಬರು ನಾಯಕ. 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದ ಮೊದಲ ಶಿಬಿರದಲ್ಲೇ ಸ್ಕೌಟ್ ಚಳವಳಿಯ ಸ್ಥಾಪಕ ಬೇಡನ್ ಪೊವೆಲ್ ಹುಡುಗರನ್ನು ಹೀಗೆ ಗುಂಪು ಮಾಡಿದ್ದರು. ಗಂಟು ಕಟ್ಟುವುದು, ಡೇರೆ ಹಾಕುವುದು, ಪ್ರಥಮ ಚಿಕಿತ್ಸೆ, ಅಡುಗೆ ಎಲ್ಲವನ್ನೂ ಸೋಪಾನದಿಂದ ಸೋಪಾನಕ್ಕೆ ಕಲಿಯುತ್ತಾರೆ. ಶಿಬಿರದಲ್ಲಿ ಅನ್ನ ಸೀದರೆ ಇಡೀ ಗುಂಪು ಅದನ್ನೇ ಉಣ್ಣಬೇಕು. ಮುಂದಿನ ಸಲ ಒಲೆ ಮುಂದಿನಿಂದ ಯಾರೂ ಏಳುವುದಿಲ್ಲ!

ಸ್ಕೌಟ್‌ಗೆ ಸಮಯ ಜಾಸ್ತಿ ಬೇಕು, ನಿಜ. ಹತ್ತನೇ ತರಗತಿಯ ಒತ್ತಡವಿದ್ದರೆ ಸದ್ಯಕ್ಕೆ ಚಾರಣ ಸಾಕು. ನಾಚಿಕೆ ಸ್ವಭಾವದ ಮಗುವಾದರೆ ಸ್ಕೌಟ್‌ಗೇ ಸೇರಿಸಿ.