ಮೇಲ್ಕಾವೇರಿಗೆ ಸ್ವಾಟ್ ಪ್ಲಸ್ ಮತ್ತು ಕ್ವಾಲ್-2ಕೆ: ಒಂದು ಪರಿಶೀಲನೆ

ಭಾಗಮಂಡಲದಿಂದ ಕುಶಾಲನಗರದವರೆಗಿನ ಕಾವೇರಿಯ ನೀರು ಎಲ್ಲಿ, ಯಾವಾಗ, ಏಕೆ ಕೆಡುತ್ತದೆ ಎಂಬುದನ್ನು ಲೆಕ್ಕ ಹಾಕಲು ಉಚಿತವಾಗಿ ಸಿಗುವ ಸ್ವಾಟ್ ಪ್ಲಸ್ ಮತ್ತು ಕ್ವಾಲ್-2ಕೆ ಎಂಬ ಎರಡು ತಂತ್ರಾಂಶಗಳನ್ನು ಬಳಸಿ ನೋಡಿದ್ದೇನೆ. ಕೊಡಗಿಗೆ ಎರಡೂ ಬೇಕು. ಒಂದರ ಕೆಲಸವನ್ನು ಇನ್ನೊಂದು ಮಾಡುವುದಿಲ್ಲ.

ಅಮೆರಿಕದ ಕೃಷಿ ಇಲಾಖೆಯ ಸಂಶೋಧನಾ ವಿಭಾಗವೂ ಟೆಕ್ಸಾಸ್ ಎ ಅಂಡ್ ಎಂ ಸಂಸ್ಥೆಯೂ ಸೇರಿ ಬೆಳೆಸಿದ ಸ್ವಾಟ್, ಜಲಾನಯನ ಪ್ರದೇಶವನ್ನು ಒಂದೇ ಬಗೆಯ ಮಣ್ಣು, ಇಳಿಜಾರು ಮತ್ತು ಬೆಳೆಯುಳ್ಳ ಘಟಕಗಳಾಗಿ ವಿಂಗಡಿಸಿ, ದಿನದಿನದ ಮಳೆಗೆ ಎಷ್ಟು ನೀರು, ಮಣ್ಣು, ಸಾರಜನಕ ಮತ್ತು ರಂಜಕ ಹೊಳೆ ಸೇರುತ್ತವೆ ಎಂದು ಅಂದಾಜಿಸುತ್ತದೆ. ಹಳೆಯ ಆವೃತ್ತಿಯಲ್ಲಿ ಒಂದು ಘಟಕದಲ್ಲಿ ಒಮ್ಮೆಗೆ ಒಂದೇ ಬೆಳೆ ಬೆಳೆಯಬಹುದಿತ್ತು. ಸಿಲ್ವರ್ ಓಕ್ ಮರ, ಅದಕ್ಕೆ ಹಬ್ಬಿದ ಕರಿಮೆಣಸು, ಕೆಳಗೆ ಕಾಫಿ ಇರುವ ನಮ್ಮ ತೋಟಗಳಿಗೆ ಅದು ಒಗ್ಗುತ್ತಿರಲಿಲ್ಲ. ಸ್ವಾಟ್ ಪ್ಲಸ್‌ನಲ್ಲಿ ಹಲವು ಸಸ್ಯಗಳನ್ನು ಒಟ್ಟಿಗೆ ಬೆಳೆಸಬಹುದು. ನನ್ನ ಮಟ್ಟಿಗೆ ಹೊಸ ಆವೃತ್ತಿಯನ್ನು ಆರಿಸಿಕೊಳ್ಳಲು ಇದೊಂದೇ ಕಾರಣ ಸಾಕು.

ಕಷ್ಟವಿರುವುದು ಮಳೆಯ ಲೆಕ್ಕದಲ್ಲಿ. ತಂತ್ರಾಂಶವು ಪ್ರತಿ ಉಪಕಣಿವೆಗೂ ಹತ್ತಿರದ ಮಳೆಮಾಪನ ಕೇಂದ್ರದ ಅಂಕಿಯನ್ನೇ ಹಚ್ಚುತ್ತದೆ. ಭಾಗಮಂಡಲದ ಮಳೆಗೂ ಕುಶಾಲನಗರದ ಮಳೆಗೂ ಅಜಗಜಾಂತರವಿರುವಾಗ, ಒಂದೆರಡು ಕೇಂದ್ರಗಳನ್ನು ನಂಬಿ ಓಡಿಸಿದ ಮಾದರಿಯಲ್ಲಿ ಪೂರ್ವದ ಬಯಲಿನಲ್ಲೂ ಅತಿಯಾದ ಮಣ್ಣು ಕೊಚ್ಚಿಹೋದಂತೆ ಕಾಣಬಹುದು. ಇದಕ್ಕೆ ಪರಿಹಾರ ನಮ್ಮಲ್ಲೇ ಇದೆ: ತೋಟದ ಮನೆಗಳಲ್ಲಿ ತಲೆಮಾರುಗಳಿಂದ ಬರೆದಿಟ್ಟ ಮಳೆ ಪುಸ್ತಕಗಳು. ಅವುಗಳಲ್ಲಿನ ಇಂಚು–ಸೆಂಟುಗಳನ್ನು ಮಿಲಿಮೀಟರಿಗೆ (ಒಂದು ಇಂಚಿಗೆ 25.4; ಸೆಂಟು ಎಂದರೆ ಇಂಚಿನ ನೂರನೇ ಒಂದು ಭಾಗ) ಬದಲಿಸಿ ಕೊಡಬೇಕು, ಬರೆಯದೆ ಬಿಟ್ಟ ದಿನಕ್ಕೆ ಸೊನ್ನೆಯ ಬದಲು -99 ಎಂದು ನಮೂದಿಸಬೇಕು, ಇಲ್ಲದಿದ್ದರೆ ಆ ದಿನ ಮಳೆಯೇ ಬರಲಿಲ್ಲವೆಂದು ಲೆಕ್ಕವಾಗುತ್ತದೆ.

ಕಾಫಿ ಪಲ್ಪಿಂಗ್, ಅಂದರೆ ಪಲ್ಪರ್ ಯಂತ್ರದಲ್ಲಿ ಹಣ್ಣಿನ ಸಿಪ್ಪೆ ಬಿಡಿಸುವ ಕಾಲದ ಪ್ರಶ್ನೆ ಬೇರೆ. ಡಿಸೆಂಬರಿನಿಂದ ಫೆಬ್ರವರಿಯವರೆಗೆ, ಹೊಳೆ ಬಡವಾಗಿರುವಾಗಲೇ, ಹುಳಿಯಾದ ಪಲ್ಪರ್ ನೀರು ಬಿದ್ದರೆ ಅದರ ಸಾವಯವ ಅಂಶ ಕೊಳೆಯುತ್ತಾ ನೀರಿನ ಆಮ್ಲಜನಕವನ್ನು ಹೀರಿಬಿಡುತ್ತದೆ. ಎಕ್ಸೆಲ್ ಹಾಳೆಯಲ್ಲೇ ನಡೆಯುವ ಕ್ವಾಲ್-2ಕೆ, ಹರಿವಿನ ಗುಂಟ ಆಮ್ಲಜನಕ ಎಲ್ಲಿ ತೀರಾ ಕುಸಿದು, ಎಲ್ಲಿ ಮತ್ತೆ ಚೇತರಿಸಿಕೊಳ್ಳುತ್ತದೆ ಎಂಬುದನ್ನು ಸ್ಪಷ್ಟವಾಗಿ ತೋರಿಸುತ್ತದೆ. 1925ರಲ್ಲಿ ಓಹಿಯೊ ನದಿಗಾಗಿ ಸ್ಟ್ರೀಟರ್ ಮತ್ತು ಫೆಲ್ಪ್ಸ್ ರೂಪಿಸಿದ ಸಮೀಕರಣವೇ ಈ ಬಗೆಯ ಲೆಕ್ಕಕ್ಕೆ ಮೂಲ.

ಆದರೆ ಕ್ವಾಲ್-2ಕೆ ಹರಿವನ್ನು ಸ್ಥಿರವೆಂದೇ ಭಾವಿಸುತ್ತದೆ. ರಾತ್ರೋರಾತ್ರಿ ಒಮ್ಮೆಲೇ ತೆರೆದುಬಿಟ್ಟ ಪಲ್ಪರ್ ತೊಟ್ಟಿಯ ನೀರು ಅದರ ಲೆಕ್ಕದಲ್ಲಿ ದಿನವಿಡೀ ಸಣ್ಣಗೆ ಹರಿದಂತೆ ಹಂಚಿಹೋಗಿ, ಮೀನು ಸಾಯುವಷ್ಟು ಆಮ್ಲಜನಕ ಇಳಿದ ಆ ಕೆಲವು ಗಂಟೆಗಳು ಕಾಣದೇ ಹೋಗಬಹುದು. ಆದುದರಿಂದ ಇದನ್ನು ಬಳಸುವ ಪಂಚಾಯಿತಿಯಾಗಲಿ, ಕಾಲೇಜಾಗಲಿ ಪಲ್ಪರುಗಳ ಕೆಳಗಿನ ಸೇತುವೆಗಳಲ್ಲಿ ಬೆಳಕು ಹರಿಯುವ ಮೊದಲೇ ಆಮ್ಲಜನಕವನ್ನು ಅಳೆದು, ಆ ಅಂಕಿಗಳೊಂದಿಗೆ ಮಾದರಿಯ ಫಲಿತಾಂಶವನ್ನು ತಾಳೆ ನೋಡಬೇಕು.