ಮಾಸ್ಕೋದಿಂದ ತ್ವೆರ್‌ಗೆ ಲಾಸ್ತೊಚ್ಕಾ: ರೈಲು ಉತ್ತಮ, ನದಿಯ ಸೇವೆ ಸಾಲದು

ಬೀದರ್‌ನಲ್ಲಿ ಹುಟ್ಟಿ ಬೆಳೆದ ನನಗೆ ರಷ್ಯಾದ ತ್ವೆರ್ ಎಂಬ ಊರಿನ ಹೆಸರು ಶಾಲೆಯ ದಿನಗಳಿಂದಲೂ ಪರಿಚಿತ. ಹದಿನೈದನೆಯ ಶತಮಾನದ ಉತ್ತರಾರ್ಧದಲ್ಲಿ ವೋಲ್ಗಾ ನದಿಯಲ್ಲಿ ದೋಣಿ ಏರಿ ಹೊರಟು, ದಾರಿಯಲ್ಲಿ ಸರಕನ್ನೆಲ್ಲ ದರೋಡೆಕೋರರಿಗೆ ಕಳೆದುಕೊಂಡು, ಕೊನೆಗೆ ಒಂದು ಕುದುರೆಯೊಡನೆ ನಮ್ಮೂರಿಗೆ ಬಂದು ಅದನ್ನು ಅಲ್ಲಿಯೇ ಮಾರಿದ ವ್ಯಾಪಾರಿ ಅಫನಾಸಿ ನಿಕಿತಿನ್ ಆ ಊರಿನವನು. ನನ್ನ ಅಕ್ಕನ ಮಗಳು ಈಗ ತ್ವೆರ್‌ನ ವೈದ್ಯಕೀಯ ವಿಶ್ವವಿದ್ಯಾಲಯದಲ್ಲಿ ಓದುತ್ತಿರುವುದರಿಂದ 2023ರ ಜೂನ್‌ನಲ್ಲಿ ನಾನೂ ಆ ಊರನ್ನು ನೋಡುವ ಅವಕಾಶ ಒದಗಿತು. ಮಕ್ಕಳನ್ನು ಅಲ್ಲಿಗೆ ಓದಲು ಕಳುಹಿಸಿರುವ ನಮ್ಮ ಕಡೆಯ ತಂದೆ ತಾಯಂದಿರಿಗೆ ಪ್ರಯೋಜನವಾಗಲಿ ಎಂದು ಅಲ್ಲಿಗೆ ಹೋಗುವ ರೈಲು, ಊರೊಳಗಿನ ಬಸ್ಸು, ನದಿಯ ಲಾಂಚ್ ಈ ಮೂರು ಸೇವೆಗಳ ಬಗ್ಗೆ ನನ್ನ ಅನುಭವವನ್ನು ಬರೆಯುತ್ತಿದ್ದೇನೆ.

ಮೊದಲು ರೈಲಿನ ವಿಷಯ, ಏಕೆಂದರೆ ಮೂರರಲ್ಲಿ ಅತ್ಯುತ್ತಮವಾದುದು ಅದೇ. ತ್ವೆರ್ ಮಾಸ್ಕೋದಿಂದ ರೈಲು ದಾರಿಯಲ್ಲಿ 167 ಕಿಲೋಮೀಟರ್ ದೂರದಲ್ಲಿ, ಮಾಸ್ಕೋ ಮತ್ತು ಸೇಂಟ್ ಪೀಟರ್ಸ್‌ಬರ್ಗ್ ನಡುವೆ 1851ರಲ್ಲಿ ಆರಂಭವಾದ ಹಳೆಯ ಮುಖ್ಯ ಮಾರ್ಗದ ಮೇಲಿದೆ. ಮಾಸ್ಕೋದ ಲೆನಿನ್‌ಗ್ರಾದ್‌ಸ್ಕಿ ನಿಲ್ದಾಣದಿಂದ ಹೊರಡುವ ಲಾಸ್ತೊಚ್ಕಾ ರೈಲುಗಳು ಒಂದೂವರೆಯಿಂದ ಎರಡು ಗಂಟೆಯೊಳಗೆ ಅಲ್ಲಿಗೆ ಮುಟ್ಟಿಸುತ್ತವೆ. ಲಾಸ್ತೊಚ್ಕಾ ಎಂದರೆ ರಷ್ಯನ್ ಭಾಷೆಯಲ್ಲಿ ಅಂಬರಗುಬ್ಬಿ. ಇದು ಜರ್ಮನಿಯ ಸೀಮೆನ್ಸ್ ಸಂಸ್ಥೆಯ ವಿನ್ಯಾಸದ ವಿದ್ಯುತ್ ರೈಲು. ಮೊದಲ ಕೆಲವನ್ನು ಜರ್ಮನಿಯಿಂದಲೇ ತರಿಸಿಕೊಂಡು, ಆಮೇಲೆ ಉರಲ್ ಪ್ರದೇಶದ ಕಾರ್ಖಾನೆಯಲ್ಲಿ ತಯಾರಿಸಲು ತೊಡಗಿದರು. ಒಂದು ಜೋಡಣೆಯಲ್ಲಿ ಐದು ಬೋಗಿಗಳಿದ್ದು, ಗಂಟೆಗೆ 160 ಕಿಲೋಮೀಟರ್ ವೇಗದವರೆಗೆ ಓಡಬಲ್ಲದು. ಅಷ್ಟು ವೇಗದಲ್ಲಿಯೂ ನನ್ನ ಕೈಯಲ್ಲಿದ್ದ ಕಾಗದದ ಲೋಟದಲ್ಲಿನ ಚಹಾ ತುಳುಕಲಿಲ್ಲ ಎಂಬುದನ್ನು ನಾನು ವಿಶೇಷವಾಗಿ ಗಮನಿಸಿದೆ. ಬಾಗಿಲು ತಾನಾಗಿ ತೆರೆಯುವುದನ್ನೇ ಕಾಯುತ್ತ ನಿಲ್ಲಬಾರದು, ಗುಂಡಿಯನ್ನು ಒತ್ತಬೇಕು. ಮೊದಲ ದಿನ ನನ್ನ ಹಿಂದೆ ನಿಂತಿದ್ದ ಅಜ್ಜಿಯೊಬ್ಬರು ಕೈ ಚಾಚಿ ಅದನ್ನು ಒತ್ತಿ ನನ್ನನ್ನು ಒಳಗೆ ಕಳುಹಿಸಿದರು.

ಇದೇ ಮಾರ್ಗದಲ್ಲಿ ಇನ್ನೂ ವೇಗವಾದ ಸಪ್ಸಾನ್ ರೈಲುಗಳೂ ಓಡುತ್ತವೆ, ಆದರೆ ಅವುಗಳಲ್ಲಿ ಕೆಲವು ಮಾತ್ರ ತ್ವೆರ್‌ನಲ್ಲಿ ನಿಲ್ಲುತ್ತವೆ. ಪ್ರತಿ ಊರಿನಲ್ಲಿಯೂ ನಿಂತು ಹೋಗುವ ಸಾದಾ ಲೋಕಲ್ ರೈಲು ಅಗ್ಗವಾದರೂ ಎರಡೂವರೆ ಗಂಟೆಗೂ ಹೆಚ್ಚು ಹೊತ್ತು ಹಿಡಿಯುತ್ತದೆ. ಸಾಮಾನು ಕಡಿಮೆ ಇದ್ದು ಅದೇ ದಿನ ಮರಳುವವರಿಗೆ ಲಾಸ್ತೊಚ್ಕಾ ಬಿಟ್ಟರೆ ಬೇರೆ ಆಯ್ಕೆ ಬೇಡವೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ನಡುದಾರಿಯ ಕ್ಲಿನ್ ಊರಿನಲ್ಲಿ ಸಂಗೀತಗಾರ ಚೈಕೋವ್‌ಸ್ಕಿ ತಮ್ಮ ಕೊನೆಯ ದಿನಗಳಲ್ಲಿ ವಾಸವಾಗಿದ್ದ ಮನೆ ಈಗ ವಸ್ತುಸಂಗ್ರಹಾಲಯವಾಗಿದೆ. ಸಮಯವಿದ್ದವರು ಅಲ್ಲಿ ಇಳಿದು ನೋಡಿ ಮುಂದಿನ ರೈಲು ಹಿಡಿಯಬಹುದು.

ಹಣದ ವಿಷಯದಲ್ಲಿ ಮಾತ್ರ ಎಚ್ಚರ ಅಗತ್ಯ. ನಾನು ಹೊರಡುವ ವಾರ ಮೊದಲೇ ಅಕ್ಕನ ಮಗಳು ಫೋನಿನಲ್ಲಿ, "ಮಾಮಾ, ರೊಕ್ಕ ಕೈಯಾಗ ಇಟ್ಕೊಂಡು ಬರ್ರಿ, ನಮ್ಮ ಕಾರ್ಡ್ ಇಲ್ಲಿ ನಡೆಯಂಗಿಲ್ಲ" ಎಂದು ಹೇಳಿದ್ದಳು. ಅವಳ ಮಾತು ನಿಜ. 2022ರ ಮಾರ್ಚ್‌ನಿಂದ ಹೊರದೇಶಗಳ ವೀಸಾ ಮತ್ತು ಮಾಸ್ಟರ್‌ಕಾರ್ಡ್‌ಗಳು ರಷ್ಯಾದಲ್ಲಿ ಕೆಲಸ ಮಾಡುವುದಿಲ್ಲವಾದ್ದರಿಂದ, ಟಿಕೆಟ್ ಯಂತ್ರದ ಮುಂದೆ ನಮ್ಮ ಬ್ಯಾಂಕಿನ ಕಾರ್ಡ್ ಹಿಡಿದು ನಿಂತರೆ ಉಪಯೋಗವಿಲ್ಲ. ಕೌಂಟರಿಗೆ ಹೋಗಿ ರೂಬಲ್ ನೋಟು ಕೊಟ್ಟೇ ಟಿಕೆಟ್ ಪಡೆಯಬೇಕು. ಟಿಕೆಟನ್ನು ಪ್ರಯಾಣ ಮುಗಿಯುವವರೆಗೆ ಜೋಪಾನವಾಗಿ ಇಟ್ಟುಕೊಳ್ಳಿ, ಇಳಿದ ಮೇಲೆ ಗೇಟಿನ ಬಳಿಯೂ ಅದು ಬೇಕಾಗುತ್ತದೆ. ಗೇಟು ದಾಟುವಾಗ ನನಗೆ ನಿಕಿತಿನ್ ಬೀದರಿನ ಬಗ್ಗೆ ಬರೆದಿಟ್ಟ ಒಂದು ವಿವರ ನೆನಪಾಯಿತು. ಸುಲ್ತಾನನ ಅರಮನೆಗೆ ಏಳು ಬಾಗಿಲುಗಳಿದ್ದು, ಒಳಗೆ ಹೋಗುವವರ ಹೆಸರನ್ನೂ ಹೊರಗೆ ಬರುವವರ ಹೆಸರನ್ನೂ ಬರೆದುಕೊಳ್ಳಲು ಒಂದೊಂದು ಬಾಗಿಲಿಗೂ ನೂರು ಕಾವಲುಗಾರರು ಮತ್ತು ನೂರು ಗುಮಾಸ್ತರು ಕುಳಿತಿರುತ್ತಿದ್ದರಂತೆ.

ತ್ವೆರ್ ನಿಲ್ದಾಣ ಊರಿನ ದಕ್ಷಿಣಕ್ಕಿದೆ, ವೋಲ್ಗಾ ಅಲ್ಲಿಂದ ಮೂರು ನಾಲ್ಕು ಕಿಲೋಮೀಟರ್. ದೂರದ ಊರುಗಳಿಗೆ ಹೋಗುವ ಬಸ್ಸುಗಳ ನಿಲ್ದಾಣ ರೈಲು ನಿಲ್ದಾಣದ ಸಮೀಪದಲ್ಲಿಯೇ ಇರುವುದು ಬಹಳ ದೊಡ್ಡ ಅನುಕೂಲ. ತೊರ್ಝೋಕ್, ರ್ಝೆವ್, ಸ್ತಾರಿತ್ಸಾ, ಸೆಲಿಗೇರ್ ಸರೋವರದ ದಂಡೆಯ ಒಸ್ತಾಶ್ಕೋವ್ ಮೊದಲಾದ ಊರುಗಳ ಜನ ಮಾಸ್ಕೋ ರೈಲಿನಿಂದ ಇಳಿದು, ಚೀಲ ಹೊತ್ತು ಕೆಲವೇ ನಿಮಿಷ ನಡೆದು, ಬಸ್ಸು ಹತ್ತುತ್ತಾರೆ. ಇಡೀ ಪ್ರಾಂತ್ಯ ಈ ಒಂದು ಊರಿನ ಮೂಲಕ ಹಾದುಹೋಗುತ್ತದೆ ಎಂಬುದು ಅರ್ಧ ಗಂಟೆ ಅಲ್ಲಿ ನಿಂತರೆ ತಿಳಿಯುತ್ತದೆ. ರಷ್ಯಾದ ದೂರಪ್ರಯಾಣದ ರೈಲುಗಳ ಬೋಗಿಗಳನ್ನು ತಯಾರಿಸುವ, 1898ರಲ್ಲಿ ಸ್ಥಾಪನೆಯಾದ ದೊಡ್ಡ ಕಾರ್ಖಾನೆಯೂ ಇಲ್ಲಿಯದೇ.

ಊರೊಳಗೆ ಈಗ ಇರುವುದು ನೀಲಿ ಬಣ್ಣದ ಬಸ್ಸುಗಳು. 1901ರಿಂದ ಓಡುತ್ತಿದ್ದ ಟ್ರಾಮ್ 2018ರಲ್ಲಿ ನಿಂತಿತು, 2020ರಲ್ಲಿ ಟ್ರಾಲಿಬಸ್ಸೂ ನಿಂತು, ಖಾಸಗಿ ಮಿನಿಬಸ್ಸುಗಳ ಜಾಗದಲ್ಲಿ ಈ ನೀಲಿ ಬಸ್ಸುಗಳು ಬಂದವು. ಬಸ್ಸು ಸ್ವಚ್ಛವಾಗಿದೆ, ಹತ್ತಿ ಇಳಿಯುವುದು ಸುಲಭ. ಆದರೂ ನೂರು ವರ್ಷಕ್ಕೂ ಮಿಕ್ಕಿ ಓಡಿದ ಟ್ರಾಮನ್ನು ಕೈಬಿಟ್ಟದ್ದು ಸರಿಯೆಂದು ನನಗೆ ಅನ್ನಿಸಲಿಲ್ಲ. ಅಗಲವಾದ, ನೇರವಾದ ಬೀದಿಗಳ ಊರು ಅದು. 1763ರ ದೊಡ್ಡ ಬೆಂಕಿಯ ಅನಂತರ ಎರಡನೆಯ ಕ್ಯಾಥರೀನ್ ರಾಣಿ ಊರನ್ನು ಹೊಸದಾಗಿ ಕಟ್ಟಿಸಿದಾಗ, ಒಂದು ಚೌಕದಿಂದ ತ್ರಿಶೂಲದ ಮೂರು ಮೊನೆಗಳಂತೆ ಬೀದಿಗಳು ಹೊರಡುವ ಹಾಗೆ ನಕ್ಷೆ ಹಾಕಲಾಯಿತು. ಟ್ರಾಮಿಗೆಂದೇ ಮಾಡಿಟ್ಟಂಥ ಬೀದಿಗಳು ಅವು. ಮಾಸ್ಕೋ ಮತ್ತು ಸೇಂಟ್ ಪೀಟರ್ಸ್‌ಬರ್ಗ್ ಎಂಬ ಎರಡು ರಾಜಧಾನಿಗಳ ನಡುವೆ ಓಡಾಡುವಾಗ ರಾಜಮನೆತನದವರು ತಂಗಲೆಂದು ಅದೇ ಕಾಲದಲ್ಲಿ ಕಟ್ಟಿದ ಅರಮನೆ ಈಗ ಚಿತ್ರಶಾಲೆಯಾಗಿದೆ. ನಾನು ಹೋದ ದಿನ ಅದರ ವಾರದ ರಜೆಯಾಗಿತ್ತು, ಮೊದಲೇ ವಿಚಾರಿಸಿಕೊಂಡು ಹೋಗುವುದು ಒಳ್ಳೆಯದು.

ಇನ್ನು ನದಿ. ವೋಲ್ಗಾ ಹುಟ್ಟುವುದು ಇದೇ ಪ್ರಾಂತ್ಯದಲ್ಲಿ. ತ್ವೆರ್‌ನಲ್ಲಿ ತ್ವೆರ್ತ್ಸಾ ಮತ್ತು ತ್ಮಾಕಾ ಎಂಬ ಎರಡು ನದಿಗಳು ಅದನ್ನು ಕೂಡಿಕೊಳ್ಳುತ್ತವೆ. ಊರು ಬೆಳೆದದ್ದೇ ಈ ಕೂಡಲಿನಿಂದ. ಹಾಗಿರುವಾಗ, ನದಿಯ ಪ್ರಯಾಣಿಕರಿಗಾಗಿ 1938ರಲ್ಲಿ ಕಟ್ಟಿದ ನಿಲ್ದಾಣದ ಮುಂದೆ ನಿಂತಾಗ ನನ್ನ ಮನಸ್ಸು ನಿಜವಾಗಿಯೂ ಭಾರವಾಯಿತು. ತ್ವೆರ್ತ್ಸಾ ಬಂದು ಸೇರುವ ಮೂಲೆಯಲ್ಲಿ, ಎರಡು ನೀರಿಗೂ ಮುಖ ಮಾಡಿ ನಿಂತಿದ್ದ ಈ ಕಟ್ಟಡದ ಒಂದು ಭಾಗ 2017ರಲ್ಲಿ ಕುಸಿದುಬಿತ್ತು. ನಾನು ಕಂಡಾಗ ಸುತ್ತ ಬೇಲಿ ಇತ್ತು. ಮೊದಲು ಅಲ್ಲಿದ್ದ ಮಠದಲ್ಲಿ ಉಳಿದಿರುವುದು 1722ರ ಒಂದು ಚರ್ಚ್ ಮಾತ್ರ; ಅದರ ಬಿಳಿ ಗೋಡೆಯ ಪಕ್ಕದಲ್ಲಿ ಬಿರುಕು ಬಿಟ್ಟ ಕಂಬಗಳನ್ನು ನೋಡುವುದು ಕಷ್ಟವಾಯಿತು.

ನಿಲ್ದಾಣವಿಲ್ಲದಿದ್ದರೂ ನದಿಯಲ್ಲಿ ವಿಹಾರಕ್ಕೆ ಲಾಂಚ್‌ಗಳು ಇವೆ. ನಾನು ಹತ್ತಿದ ಲಾಂಚ್ ಯಾರದೆಂದು ಇಲ್ಲಿ ಹೇಳುವುದಿಲ್ಲ. ಫಲಕದಲ್ಲಿ ಹನ್ನೆರಡು ಗಂಟೆಗೆ ಹೊರಡುತ್ತದೆಂದು ಬರೆದಿತ್ತು. ಜನ ಸಾಕಷ್ಟು ಸೇರಲಿಲ್ಲವೆಂದು ಒಂದು ಗಂಟೆ ಹತ್ತು ನಿಮಿಷದವರೆಗೆ ಜೆಟ್ಟಿಯಲ್ಲಿ ಬಿಸಿಲಿಗೆ ನಿಲ್ಲಿಸಿದರು. ತಡವಾಗುವುದನ್ನು ಮುಂಚೆಯೇ ಹೇಳಿದ್ದರೆ ಅಷ್ಟರಲ್ಲಿ ಊಟವನ್ನಾದರೂ ಮುಗಿಸಬಹುದಿತ್ತು. ಹೊರಟ ಮೇಲೆ ನದಿ ಮಾತ್ರ ಯಾವ ಕೊರತೆಯನ್ನೂ ಮಾಡಲಿಲ್ಲ. 1900ರ ಕಬ್ಬಿಣದ ಹಳೆಯ ಸೇತುವೆಯ ಕೆಳಗೆ ಹಾದುಹೋಗುವಾಗ ಮೇಲೆ ಬಸ್ಸುಗಳು ಓಡುವ ಸದ್ದು, ಕೆಳಗೆ ತಣ್ಣನೆಯ ಗಾಳಿ. ಒಂದು ಬದಿಯಲ್ಲಿ ಉದ್ಯಾನದ ಮರಗಳು, ಇನ್ನೊಂದು ಬದಿಯಲ್ಲಿ ನಿಕಿತಿನ್‌ನ ಹೆಸರಿಟ್ಟಿರುವ ದಂಡೆ.

ಆ ದಂಡೆಯ ಮೇಲೆಯೇ ದೋಣಿಯ ಮೂತಿಯಂತಿರುವ ಪೀಠದ ಮೇಲೆ, ಶಿಲ್ಪಿ ಸೆರ್ಗೈ ಒರ್ಲೋವ್ ಮತ್ತು ಅವರ ಸಂಗಡಿಗರು 1955ರಲ್ಲಿ ನಿಲ್ಲಿಸಿದ ನಿಕಿತಿನ್‌ನ ಕಂಚಿನ ಪ್ರತಿಮೆ ಇದೆ. ಲಾಂಚ್‌ನಿಂದ ಇಳಿದು ನಾನೂ ಅಕ್ಕನ ಮಗಳೂ ಸೇತುವೆ ದಾಟಿ ನಡೆದೇ ಅಲ್ಲಿಗೆ ಹೋದೆವು. ಆತ ಬೀದರಿನಲ್ಲಿ ತಿಂಗಳುಗಟ್ಟಲೆ ಇದ್ದ, ಮಹಮೂದ್ ಗವಾನ್ ಬಹಮನಿ ರಾಜ್ಯವನ್ನು ನಡೆಸುತ್ತಿದ್ದ ಕಾಲವದು. ಕಲಬುರಗಿಯನ್ನೂ ನೋಡಿದ, ಆಳಂದದ ಜಾತ್ರೆಯಲ್ಲಿ ಕುದುರೆಗಳ ವ್ಯಾಪಾರ ನಡೆಯುವುದನ್ನು ಬರೆದಿಟ್ಟ. ಮರಳುವಾಗ ಸ್ಮೋಲೆನ್‌ಸ್ಕ್ ತಲುಪುವ ಮೊದಲೇ ತೀರಿಕೊಂಡದ್ದರಿಂದ ತನ್ನ ಊರನ್ನು ಮತ್ತೆ ಕಾಣಲಿಲ್ಲ. ಜೂನ್ ತಿಂಗಳಾದ್ದರಿಂದ ರಾತ್ರಿ ಒಂಬತ್ತಾದರೂ ಬೆಳಕಿತ್ತು. ಪೀಠದ ಕಲ್ಲಿನ ಮೇಲೆ ಕೈಯಿಟ್ಟಾಗ ಅದಿನ್ನೂ ಬೆಚ್ಚಗಿತ್ತು.

ಹೋಗುವವರಿಗೆ ನನ್ನ ಸಲಹೆ ಇಷ್ಟು. ಬೆಳಗಿನ ಲಾಸ್ತೊಚ್ಕಾ ಹಿಡಿಯಿರಿ, ಮರಳುವ ಟಿಕೆಟನ್ನು ಮಾಸ್ಕೋದಲ್ಲಿಯೇ ಕೊಂಡುಕೊಳ್ಳಿ. ನಿಲ್ದಾಣದಿಂದ ನದಿಯವರೆಗೆ ಬಸ್ಸಿನಲ್ಲಿ ಹೋಗಿ, ಬರುವಾಗ ವಾಹನಗಳಿಲ್ಲದ ತ್ರ್ಯೋಖ್‌ಸ್ವ್ಯಾತ್‌ಸ್ಕಾಯಾ ಬೀದಿಯಲ್ಲಿ ನಡೆದು ಬನ್ನಿ. ಲಾಂಚ್ ಹತ್ತುವುದಾದರೆ ಹೊರಡುವ ಹೊತ್ತನ್ನು ಫಲಕ ನೋಡಿ ನಂಬದೆ ನಡೆಸುವವರನ್ನೇ ಕೇಳಿ. ವೋಲ್ಗಾ ಚಳಿಗಾಲದಲ್ಲಿ ಹೆಪ್ಪುಗಟ್ಟುವುದರಿಂದ, ನೀರಿನ ಮೇಲೆ ಹೋಗಬೇಕೆನ್ನುವವರು ಬೇಸಿಗೆಯಲ್ಲಿಯೇ ಹೊರಡಬೇಕು.